ಹಳೆಯ ಬಾಗಿಲನ್ನು ಬೆಂಕಿಗೆ ಹಾಕಬಹುದೇ?

ಪ್ರಶ್ನೆ: ಹಳೆಯ ಮನೆ ಕೆಡವಿದಾಗ ಉಳಿದ ಬಣ್ಣದ ಬಾಗಿಲು, ಪ್ಲೈವುಡ್ ತುಂಡುಗಳು, ಸೆಂಟ್ರಿಂಗ್ ಹಲಗೆಗಳು ನಮ್ಮ ಹಿತ್ತಲಲ್ಲಿ ಬಿದ್ದಿವೆ. ತೆಂಗಿನ ಗರಿಯೂ ಇದೆ. ಚಳಿಯ ಸಂಜೆ ಮೊಮ್ಮಕ್ಕಳೊಂದಿಗೆ ಬೆಂಕಿ ಕಾಯಿಸಿಕೊಳ್ಳಲು ಇವನ್ನು ಬಳಸಬಹುದೇ? ಬೂದಿಯನ್ನು ಕರಿಬೇವಿನ ಗಿಡಕ್ಕೆ ಹಾಕಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಹೆಸರಿಸಿದವುಗಳಲ್ಲಿ ತೆಂಗಿನ ಗರಿಯೊಂದನ್ನು ಬಿಟ್ಟು ಉಳಿದ ಯಾವುದನ್ನೂ ಸುಡಬೇಡಿ. ಬೆಂಕಿಗೆ ಹಾಕುವ ಮುನ್ನ ಆ ಕಟ್ಟಿಗೆ ಹಿಂದೆ ಏನಾಗಿತ್ತು, ಅದಕ್ಕೆ ಏನು ಬಳಿದಿದ್ದರು ಎಂಬುದು ತಿಳಿದಿರಬೇಕು.

ಎಲ್ಲಕ್ಕಿಂತ ಅಪಾಯಕಾರಿ ಆ ಬಾಗಿಲೇ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ; ಅದಕ್ಕೂ ಮೊದಲು, ಪದರದ ಮೇಲೆ ಪದರವಾಗಿ ಬಳಿದ ಎನಾಮೆಲ್ ಬಣ್ಣಗಳಲ್ಲಿ ಸೀಸ ಬಹಳ ಹೆಚ್ಚಿರುವ ಸಾಧ್ಯತೆ ಇರುತ್ತದೆ. ಸೀಸ ಲೋಹವಾದ್ದರಿಂದ ಬೆಂಕಿಯಲ್ಲಿ ನಾಶವಾಗುವುದಿಲ್ಲ. ಒಂದಿಷ್ಟು ಹೊಗೆಯೊಂದಿಗೆ ಹೋಗಿ ಸುತ್ತ ಕುಳಿತವರ ಉಸಿರಿಗೆ ಸೇರುತ್ತದೆ, ಉಳಿದದ್ದು ಬೂದಿಯಲ್ಲಿ ನಿಲ್ಲುತ್ತದೆ. ಅದರಿಂದ ಹೆಚ್ಚು ಹಾನಿಯಾಗುವುದು ಎಳೆಯ ಮಕ್ಕಳ ಮೆದುಳಿಗೆ. ಅದು ತೇಗದ ಬಾಗಿಲಾಗಿದ್ದರೆ ಹಳೆ ಮರದ ಸಾಮಾನಿನ ವ್ಯಾಪಾರಿಗೆ ಕೊಡಿ, ದುಡ್ಡಾದರೂ ಬರುತ್ತದೆ.

ಪ್ಲೈವುಡ್ಡಿನ ಅಂಟು ಸುಟ್ಟಾಗ ಫಾರ್ಮಾಲ್ಡಿಹೈಡ್ ಮುಂತಾದ ಕಣ್ಣು, ಗಂಟಲು ಉರಿಸುವ ಅನಿಲಗಳು ಹೊರಬರುತ್ತವೆ. ಸೆಂಟ್ರಿಂಗ್ ಹಲಗೆಗೆ ಸಾಮಾನ್ಯವಾಗಿ ಬಳಿಯುವುದು ವಾಹನದಿಂದ ತೆಗೆದ ಹಳೆಯ ಎಂಜಿನ್ ಆಯಿಲ್, ಅದನ್ನೂ ದೂರವಿಡಿ. ಸರಕಿನೊಂದಿಗೆ ಬಂದ ಪ್ಯಾಲೆಟ್ ಹಲಗೆ ಸಿಕ್ಕರೆ ಅದರ ಮುದ್ರೆ ನೋಡಿ: ‘ಎಚ್‌ಟಿ’ ಎಂದರೆ ಶಾಖದಿಂದ ಸಂಸ್ಕರಿಸಿದ್ದು, ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಸಂಸ್ಕರಿಸಿದ್ದು. ಎರಡನೆಯದನ್ನು ಸುಡಲೇಬಾರದು. ಪ್ಲಾಸ್ಟಿಕ್, ಟೈರು, ಪಿವಿಸಿ ಪೈಪಿನ ಮಾತೇ ಬೇಡ. ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ ದಂಡ ವಿಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶಿಸಿದೆ.

ಹಾಗಾದರೆ ಸುಡುವುದೇನು? ನಮ್ಮ ಭಾಗದಲ್ಲಿ ಬಳ್ಳಾರಿ ಜಾಲಿಗೆ ಕೊರತೆಯಿಲ್ಲ. ಒಣಗಿದ ಜಾಲಿ ಕಟ್ಟಿಗೆ ಹೊಗೆ ಕಡಿಮೆ ಮಾಡಿ ಬಹಳ ಹೊತ್ತು ಕೆಂಡ ಹಿಡಿಯುತ್ತದೆ. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ತೆಂಗಿನ ಚಿಪ್ಪು ಕೂಡ ಒಳ್ಳೆಯವೇ. ತೆಂಗಿನ ಗರಿ ಭಗ್ಗೆಂದು ಉರಿದು ಕಿಡಿ ಹಾರಿಸುವುದರಿಂದ ಬೆಂಕಿ ಹೊತ್ತಿಸುವಷ್ಟಕ್ಕೆ ಮಾತ್ರ ಬಳಸಿ. ಹಿತ್ತಲಲ್ಲಿ ಕಡಿದ ಕಣಗಿಲೆ ರೆಂಬೆಗಳಿದ್ದರೆ ಬೇರೆಯಾಗಿಡಿ, ಅದರ ಹೊಗೆಯೂ ವಿಷವೇ.

ಕಟ್ಟಿಗೆ ಒಣಗಿದೆಯೇ ಎಂದು ತಿಳಿಯಲು ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿ: ಒಣಗಿದ್ದು ಠಣ್ ಎನ್ನುತ್ತದೆ, ಹಸಿಯದ್ದು ದಬ್ ಎನ್ನುತ್ತದೆ, ಒಣಗಿದ ತುಂಡಿನ ಕೊನೆಯಲ್ಲಿ ನಡುವಿನಿಂದ ಹೊರಟ ಸೀಳುಗಳೂ ಕಾಣುತ್ತವೆ. ಹೊತ್ತಿಸಲು ಪೆಟ್ರೋಲ್ ಎಂದಿಗೂ ಬೇಡ. ಅದರ ಆವಿ ಒಮ್ಮೆಲೇ ಹೊತ್ತಿಕೊಂಡು ಹೊತ್ತಿಸಿದವರ ಕೈ, ಮುಖವನ್ನೇ ಸುಡುತ್ತದೆ.

ಇನ್ನು ಕರಿಬೇವಿನ ವಿಚಾರ. ಶುದ್ಧ ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಶ್ ಮತ್ತು ಸುಣ್ಣದ ಅಂಶವಿದ್ದು, ಕೆಂಪು ಮಣ್ಣಿಗೆ ಅದು ಒಗ್ಗುತ್ತದೆ. ನಿಮ್ಮದು ಎರೆ ಮಣ್ಣಾಗಿದ್ದರೆ ಅದು ಸಾಮಾನ್ಯವಾಗಿ ಮೊದಲೇ ಕ್ಷಾರೀಯವಾಗಿರುತ್ತದೆ. ಬೂದಿ ಹೆಚ್ಚಾದಂತೆ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ಅಂಥಲ್ಲಿ ಬೂದಿಯನ್ನು ಬುಡಕ್ಕೆ ಸುರಿಯುವ ಬದಲು ಪೂರ್ತಿ ತಣಿದ ಮೇಲೆ, ಮರುದಿನ, ತಿಪ್ಪೆಗೆ ತೆಳುವಾಗಿ ಉದುರಿಸಿ.