ಹತ್ತು ಗೋಲು ಹೊಡೆದ ತಂಡ ಹೊರಗೆ ಹೋಗುವುದು ಹೇಗೆ?

ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯ ಅರ್ಹತಾ ಸುತ್ತು ಹತ್ತಿರ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಈ ಸಲ ಅದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದ ಪ್ರಶ್ನೆಗಳಿಗೆ ಎಷ್ಟು ಬೇಕೋ ಅಷ್ಟೇ.

ಪ್ರಶ್ನೆ: ಗುಂಪಿನಲ್ಲಿ ಪಾಯಿಂಟ್ ಸಮ ಇದ್ದು, ಗೋಲು ಅಂತರ ಹೆಚ್ಚಿರುವ ತಂಡವನ್ನು ಬಿಟ್ಟು ಇನ್ನೊಂದನ್ನು ಮುಂದಕ್ಕೆ ಕಳಿಸುತ್ತಾರಲ್ಲ, ಇದು ಮೋಸವಲ್ಲವೆ?

ಅಲ್ಲ. ಟೂರ್ನಿಯ ನಿಯಮ ಓದದೆ ಮೈದಾನಕ್ಕೆ ಇಳಿದ ತಂಡದವರು ಆಮೇಲೆ ಹೇಳುವ ಮಾತು ಇದು.

ಪಾಯಿಂಟ್ ಸಮವಾದಾಗ ಯಾರು ಮೇಲೆ ಎಂದು ನೋಡುವ ಪದ್ಧತಿ ಎರಡಿವೆ. ಒಂದು, ಗುಂಪಿನ ಎಲ್ಲ ಪಂದ್ಯಗಳ ಗೋಲು ಅಂತರವನ್ನು, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯುವುದನ್ನು, ಮೊದಲು ನೋಡುವುದು. 2022ರವರೆಗಿನ ವಿಶ್ವಕಪ್‌ಗಳಲ್ಲಿ ಇದ್ದದ್ದು ಇದು. ಇನ್ನೊಂದು, ಸಮಬಲದ ತಂಡಗಳು ತಮ್ಮತಮ್ಮಲ್ಲಿ ಆಡಿದ ಪಂದ್ಯವನ್ನು, ಅಂದರೆ ಮುಖಾಮುಖಿಯನ್ನು, ಮೊದಲು ನೋಡುವುದು. ಯೂರೋ ಕಪ್‌ನಲ್ಲಿ ಇರುವುದು ಇದು. ನಿಮ್ಮ ಟೂರ್ನಿಯಲ್ಲಿ ಯಾವುದು ಎಂಬುದು ಆ ವರ್ಷದ ನಿಯಮಾವಳಿಯಲ್ಲಿ ಅಚ್ಚಾಗಿರುತ್ತದೆ. ಹೋದ ವರ್ಷದ್ದನ್ನು ನೆನಪಿಟ್ಟುಕೊಂಡು ಆಡಬೇಡಿ. ಮ್ಯಾನೇಜರ್‌ಗಳ ಸಭೆಯಲ್ಲಿ ಆ ಪುಟ ತೆರೆಸಿ, ಗಟ್ಟಿಯಾಗಿ ಓದಿಸಿ, ಫೋಟೊ ತೆಗೆದುಕೊಳ್ಳಿ.

ನಾಲ್ಕು ತಂಡ, ತಲಾ ಮೂರು ಪಂದ್ಯ, ಮೊದಲ ಸ್ಥಾನಕ್ಕೆ ಮಾತ್ರ ಟಿಕೆಟ್ ಎಂದಾಗ ಈ ಒಂದು ವಾಕ್ಯವೇ ಇಡೀ ಗುಂಪನ್ನು ತಲೆಕೆಳಗು ಮಾಡಬಲ್ಲದು. ಲೆಕ್ಕ ಹಾಕಿಯೇ ನೋಡಿ. ಅ ತಂಡ ಬ ತಂಡವನ್ನು 1-0 ಸೋಲಿಸಿತು. ಬ ತಂಡ ಕ ತಂಡವನ್ನು 3-1 ಸೋಲಿಸಿತು. ಕ ತಂಡ ಅ ತಂಡವನ್ನು 2-1 ಸೋಲಿಸಿತು. ದುರ್ಬಲವಾದ ಡ ತಂಡದ ಮೇಲೆ ಅ 10-0, ಬ 2-0, ಕ 3-0 ಗೆದ್ದವು. ಮೂವರಿಗೂ 6 ಪಾಯಿಂಟ್. ಒಟ್ಟು ಗೋಲು ಅಂತರದಲ್ಲಿ ಅ ತಂಡಕ್ಕೆ 10, ಬ ತಂಡಕ್ಕೆ 3, ಕ ತಂಡಕ್ಕೆ 2. ಮೊದಲ ಪದ್ಧತಿಯಲ್ಲಾದರೆ ಅ ತಂಡ ನಿರಾಯಾಸವಾಗಿ ಮುಂದಕ್ಕೆ.

ಎರಡನೆಯ ಪದ್ಧತಿಯಲ್ಲಿ ಡ ತಂಡದೊಂದಿಗಿನ ಪಂದ್ಯಗಳನ್ನೆಲ್ಲ ಪಕ್ಕಕ್ಕಿಟ್ಟು ಮೂವರದ್ದೇ ಒಂದು ಚಿಕ್ಕ ಪಟ್ಟಿ ಮಾಡುತ್ತಾರೆ. ಅಲ್ಲೂ ಎಲ್ಲರಿಗೂ 3 ಪಾಯಿಂಟ್. ಗೋಲು ನೋಡಿದರೆ ಅ ತಂಡ 2 ಹೊಡೆದು 2 ಬಿಟ್ಟುಕೊಟ್ಟಿದೆ, ಅಂತರ ಸೊನ್ನೆ. ಬ ತಂಡ 3 ಹೊಡೆದು 2 ಬಿಟ್ಟಿದೆ, ಅಂತರ 1. ಕ ತಂಡ 3 ಹೊಡೆದು 4 ಬಿಟ್ಟಿದೆ. ಬ ತಂಡ ಮುಂದಕ್ಕೆ ಹೋಗುತ್ತದೆ. ಅ ತಂಡದ ಹತ್ತು ಗೋಲಿಗೆ ಬೆಲೆಯೇ ಇಲ್ಲ. ಅವರನ್ನು ಹೊರಗೆ ಹಾಕಿದ್ದು ಕ ತಂಡದ ಎದುರು ಬಿಟ್ಟುಕೊಟ್ಟ ಎರಡನೆಯ ಗೋಲು.

ಹಾಗೆಂದು ದುರ್ಬಲ ತಂಡದ ಎದುರು ಆಟ ನಿಲ್ಲಿಸಿಬಿಡಿ ಎಂದಲ್ಲ. ಇಲ್ಲಿಯೇ ಕೋಚ್‌ಗಳು ಎಡವುವುದು. ಪ್ರಬಲ ಎದುರಾಳಿಯ ಜೊತೆ ಡ್ರಾ ಆಗಿದ್ದರೆ ಮುಖಾಮುಖಿಯೂ ಸಮ. ಆಗ ಲೆಕ್ಕ ಒಟ್ಟು ಗೋಲು ಅಂತರಕ್ಕೇ ಬಂದು ನಿಲ್ಲುತ್ತದೆ. ನೀವು ಅವರೊಂದಿಗೆ 1-1, ಉಳಿದಿಬ್ಬರ ಮೇಲೆ 2-0 ಮತ್ತು 3-0. ಅವರು ಆ ಇಬ್ಬರ ಮೇಲೆ 1-0 ಮತ್ತು 7-0. ಇಬ್ಬರಿಗೂ 7 ಪಾಯಿಂಟ್, ನಿಮ್ಮ ಅಂತರ 5, ಅವರದ್ದು 8. ಒಂದೂ ಪಂದ್ಯ ಸೋಲದೆ ನೀವು ಮನೆಗೆ. 3-0 ಆದ ಮೇಲೆ ಮುಖ್ಯ ಫಾರ್ವರ್ಡ್‌ನನ್ನು ಕೂರಿಸಿ ಕಾಲ ಕಳೆದ ಆ 30 ನಿಮಿಷಕ್ಕೆ ಕಟ್ಟಿದ ದಂಡ ಅದು.

ಹಾಗಾಗಿ ಪಂದ್ಯಗಳ ಕ್ರಮ ಕೈಗೆ ಬಂದ ದಿನವೇ ಕೂತು ಲೆಕ್ಕ ಮಾಡಿ. ಪ್ರಬಲ ಎದುರಾಳಿ ಮೊದಲ ದಿನವೇ ಸಿಕ್ಕು ಡ್ರಾ ಆಯಿತೆ? ಮುಂದಿನ ಎರಡು ಪಂದ್ಯಗಳಲ್ಲಿ ಕೊನೆಯ ಸೀಟಿಯವರೆಗೆ ಗೋಲು ಹುಡುಕಬೇಕು. ಎರಡು ಗೆದ್ದು 6 ಪಾಯಿಂಟ್ ಇದೆಯೆ? ಕೊನೆಯ ಎದುರಾಳಿಗೂ 6 ಇಲ್ಲದಿದ್ದರೆ ಡ್ರಾ ಸಾಕು, 7 ಪಾಯಿಂಟನ್ನು ಯಾರೂ ಮುಟ್ಟಲಾರರು. ಅವರಿಗೂ 6 ಇದ್ದರೆ ಅದು ಫೈನಲ್ ಇದ್ದಂತೆ. ಎರಡು ಪದ್ಧತಿಗಳಲ್ಲೂ ಒಟ್ಟು ಅಂತರ ಹೆಚ್ಚಿರುವವರಿಗೆ ಡ್ರಾ ಸಾಕು, ಕಡಿಮೆ ಇರುವವರು ಗೆಲ್ಲಲೇಬೇಕು. ಇದನ್ನು ಆಟಗಾರರಿಗೆ ಪಂದ್ಯಕ್ಕೆ ಮುಂಚೆ ಹೇಳಿ. 80ನೇ ನಿಮಿಷದಲ್ಲಿ ಗೆರೆಯಾಚೆ ನಿಂತು ಬೆರಳು ಎಣಿಸಿ ಕೂಗಿದರೆ ಯಾರಿಗೂ ಕೇಳಿಸುವುದಿಲ್ಲ.

ಕೊನೆಯ ದಿನದ ಪಂದ್ಯಗಳ ಸಮಯವನ್ನೂ ಕೇಳಿ ತಿಳಿದುಕೊಳ್ಳಿ. 1982ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯ, ಅದೇ ಗುಂಪಿನ ಅಲ್ಜೀರಿಯದ ಫಲಿತಾಂಶ ಗೊತ್ತಿದ್ದೇ ಆಡಿ, 1-0ಕ್ಕೆ ಆಟ ತಣ್ಣಗೆ ಮುಗಿಸಿ, ಎರಡೂ ಮುಂದೆ ಹೋದವು. ಆಮೇಲೆ ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ಪದ್ಧತಿ ಬಂತು. ಆದರೆ ಒಂದೇ ಮೈದಾನ ಇರುವ ಕಡೆ ಅದು ಸಾಧ್ಯವಿಲ್ಲ. ಬೆಳಿಗ್ಗೆ ಆಡುವ ತಂಡ ಕತ್ತಲಲ್ಲಿ ಆಡುತ್ತದೆ, ಮಧ್ಯಾಹ್ನದ ತಂಡಕ್ಕೆ ಬೇಕಾದ ಗೋಲಿನ ಸಂಖ್ಯೆ ಗೊತ್ತಿರುತ್ತದೆ. ಬೆಳಿಗ್ಗೆ ಆಡುವವರಾದರೆ ಸಾಧ್ಯವಾದಷ್ಟು ಗೋಲು ಹೊಡೆದೇ ಮೈದಾನ ಬಿಡಿ.

ಇದೆಲ್ಲ ಯಾರಿಗಾದರೂ ಅತಿಯಾಯಿತು ಅನ್ನಿಸಿದರೆ 2024-25ರ ಸಂತೋಷ್ ಟ್ರೋಫಿ ನೋಡಿ. ಒಂಬತ್ತು ಗುಂಪುಗಳ ವಿಜೇತರು, ಹಿಂದಿನ ವರ್ಷದ ಫೈನಲ್ ಆಡಿದ ಸರ್ವಿಸಸ್ (ಸೇನಾ ಪಡೆಗಳ ತಂಡ) ಮತ್ತು ಗೋವಾ, ಆತಿಥೇಯ ತೆಲಂಗಾಣ, ಅಂತಿಮ ಸುತ್ತಿಗೆ ಒಟ್ಟು 12 ತಂಡ. ಎರಡನೆಯ ಸ್ಥಾನಕ್ಕೆ ಜಾಗವೇ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2 ಸೋಲಿಸಿ, 54 ವರ್ಷಗಳ ನಂತರ ಟ್ರೋಫಿ ತಂದ ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ. ಚಾಂಪಿಯನ್ ಆಗಿದ್ದೆವು ಎಂಬುದು ಅರ್ಹತಾ ಸುತ್ತಿನಲ್ಲಿ ಅರ್ಧ ಪಾಯಿಂಟನ್ನೂ ಕೊಡುವುದಿಲ್ಲ.

ಪ್ರಶ್ನೆ: ಎಲ್ಲವೂ ಸಮವಾದರೆ ಚೀಟಿ ಎತ್ತುತ್ತಾರೆಯೆ?

ಎತ್ತಬಹುದು. 1990ರ ವಿಶ್ವಕಪ್‌ನಲ್ಲಿ ಐರ್ಲೆಂಡ್ ಮತ್ತು ನೆದರ್‌ಲೆಂಡ್ಸ್ ನಡುವೆ ಎರಡನೆಯ ಸ್ಥಾನ ನಿರ್ಧಾರವಾದದ್ದು ಹಾಗೆಯೇ. ಆದರೆ ಅದಕ್ಕೂ ಮೊದಲು ಕಾರ್ಡ್ ಎಣಿಸುವ ನಿಯಮ ಈಗ ಸಾಮಾನ್ಯ. ಫಿಫಾ ಲೆಕ್ಕದಲ್ಲಿ ಹಳದಿಗೆ 1, ಎರಡನೆಯ ಹಳದಿಯಿಂದ ಬಂದ ಕೆಂಪಿಗೆ 3, ನೇರ ಕೆಂಪಿಗೆ 4 ಕಳೆಯುತ್ತಾರೆ. 2018ರ ವಿಶ್ವಕಪ್‌ನಲ್ಲಿ ಸೆನೆಗಲ್ ಜಪಾನ್‌ಗಿಂತ ಹಿಂದೆ ಬಿದ್ದದ್ದು ಎರಡು ಹಳದಿ ಕಾರ್ಡ್‌ಗಳಿಂದ. ರೆಫ್ರಿ ಜೊತೆ ಬಾಯಿ ಮಾಡಿ ಕಾರ್ಡ್ ತರುವ ಆಟಗಾರ ಇಡೀ ತಂಡಕ್ಕೆ ಭಾರ.

ಪ್ರಶ್ನೆ: ಗುಂಪಿನ ಪಂದ್ಯ ಡ್ರಾ ಆದರೆ ಪೆನಾಲ್ಟಿ ಶೂಟೌಟ್ ಯಾಕೆ ಇಲ್ಲ?

ಲೀಗ್ ಪಂದ್ಯ ಅದು, ನಾಕೌಟ್ ಅಲ್ಲ.

ಪ್ರಶ್ನೆ: ಐದು ದಿನಕ್ಕೆ ಮೂರು ಪಂದ್ಯ. ಹುಡುಗರು ಚೇತರಿಸಿಕೊಳ್ಳಲು ಒಬ್ಬರು ಇಂಜೆಕ್ಷನ್ ಕೊಡುತ್ತೇನೆ ಎನ್ನುತ್ತಿದ್ದಾರೆ. ಕೊಡಿಸಬಹುದೆ?

ಕೊಡಿಸಬಾರದು. ಆ ವ್ಯಕ್ತಿಯನ್ನು ತಂಡದ ಕೋಣೆಯ ಹತ್ತಿರವೂ ಬಿಡಬೇಡಿ. ಮಂಡಿಗೆ, ಹಿಮ್ಮಡಿಗೆ ಚುಚ್ಚುವ ಸ್ಟಿರಾಯ್ಡ್‌ಗಳಲ್ಲಿ ಗ್ಲುಕೊಕಾರ್ಟಿಕಾಯ್ಡ್ ಎಂಬ ವರ್ಗವಿದೆ. ಅದನ್ನು ಯಾವ ಜಾಗಕ್ಕೆ ಚುಚ್ಚಿಸಿಕೊಂಡರೂ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ ಎಂಬ ಉದ್ದೀಪನ ಮದ್ದು ತಡೆ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಸ್ಪರ್ಧೆಯ ಅವಧಿ ಶುರುವಾಗುವುದು ಪಂದ್ಯದ ಹಿಂದಿನ ರಾತ್ರಿ 11.59ಕ್ಕೆ, ಆದರೆ ಅದಕ್ಕೆ ಎಷ್ಟೋ ದಿನ ಮೊದಲು ಚುಚ್ಚಿಸಿಕೊಂಡ ಮದ್ದೂ ಮೈಯಲ್ಲಿ ಉಳಿದಿರಬಹುದು. ಸಿಕ್ಕಿಬಿದ್ದರೆ "ಅವರು ಕೊಟ್ಟರು, ನನಗೆ ಗೊತ್ತಿರಲಿಲ್ಲ" ಎಂಬ ಮಾತಿನಿಂದ ಆಟಗಾರ ಪಾರಾಗುವುದಿಲ್ಲ. ತನ್ನ ದೇಹದಲ್ಲಿ ಸಿಕ್ಕಿದ್ದಕ್ಕೆಲ್ಲ ಅವನೇ ಹೊಣೆ. ಹೊಸದಾಗಿ ಉಳುಕಿದ ಕಾಲಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕುವವರೂ ಇದೇ ಸಾಲಿನವರು. ಊತ ಇನ್ನಷ್ಟು ಏರುತ್ತದೆ.

ಚೇತರಿಕೆ ಇರುವುದು ಅಡುಗೆಮನೆಯಲ್ಲಿ. ಪಂದ್ಯ ಮುಗಿದ ಮೇಲೆ ಮೊದಲ ನಾಲ್ಕು ಗಂಟೆ, ಗಂಟೆಗೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಕಾರ್ಬೊಹೈಡ್ರೇಟ್ ಹೋಗಬೇಕು. 65 ಕಿಲೋ ಹುಡುಗನಿಗೆ ಗಂಟೆಗೆ 65ರಿಂದ 78 ಗ್ರಾಂ, ಅಂದರೆ ಸುಮಾರು 200 ಗ್ರಾಂ ಅನ್ನ ಮತ್ತು ಒಂದು ಬಾಳೆಹಣ್ಣು. ಬಸ್ಸಿನಲ್ಲಿ ಎರಡು ಗಂಟೆ ಖಾಲಿ ಹೊಟ್ಟೆಯಲ್ಲಿ ಕೂರಿಸಿ, ರಾತ್ರಿ ಒಂಬತ್ತಕ್ಕೆ ಬಿರಿಯಾನಿ ಕೊಡಿಸಿದರೆ ಆ ಹೊತ್ತು ಕಳೆದುಹೋಗಿರುತ್ತದೆ. ಡ್ರೆಸಿಂಗ್ ರೂಮಿಗೇ ಹಣ್ಣು ಮತ್ತು ಚಿತ್ರಾನ್ನ ತರಿಸಿ. ಪಂದ್ಯಕ್ಕೆ ಮುಂಚೆ ಮತ್ತು ನಂತರ ತೂಕ ನೋಡಿ. ಇಳಿದ ಒಂದೊಂದು ಕಿಲೋಗೆ ಒಂದೂವರೆ ಲೀಟರ್, ಒಂದೇ ಗುಟುಕಿಗಲ್ಲ, ಗಂಟೆಗಳಲ್ಲಿ ಹಂಚಿ ಕುಡಿಸಿ, ಜೊತೆಗೆ ಉಪ್ಪಿನ ಅಂಶ ಇರಲಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಕಡಿಮೆ ನೀರಿಗೆ ಸುರಿದರೆ ಹೊಟ್ಟೆ ಕೆಡುತ್ತದೆ. ಸಾಧ್ಯವಿದ್ದರೆ ಎರಡನೆಯ ಪಂದ್ಯದಲ್ಲಿ ಮಿಡ್‌ಫೀಲ್ಡ್‌ನ ಇಬ್ಬರನ್ನಾದರೂ ಬದಲಿಸಿ. ಮೂರನೆಯ ಪಂದ್ಯದ ಕೊನೆಯ ಅರ್ಧ ಗಂಟೆಯಲ್ಲಿ ಹಿಡಿದುಕೊಳ್ಳುವುದು ಅವರ ಕಾಲುಗಳೇ.

ಪ್ರಶ್ನೆ: ಮಗನನ್ನು ರಾಜ್ಯ ತಂಡಕ್ಕೆ ಸೇರಿಸುತ್ತೇನೆ ಎಂದು ಒಬ್ಬರು ಹಣ ಕೇಳುತ್ತಿದ್ದಾರೆ. ಅರ್ಧ ಈಗ, ಅರ್ಧ ಆಮೇಲೆ ಕೊಟ್ಟರೆ ಸಾಕಂತೆ.

ಒಂದು ರೂಪಾಯಿಯನ್ನೂ ಕೊಡಬೇಡಿ. ಹಣ ಕೇಳಿದ ಸಂದೇಶ ಅಳಿಸದೆ ಇಟ್ಟುಕೊಂಡು, ಲಿಖಿತವಾಗಿ ಜಿಲ್ಲಾ ಫುಟ್‌ಬಾಲ್ ಸಂಸ್ಥೆಗೂ ಪೊಲೀಸರಿಗೂ ದೂರು ಕೊಡಿ. ಮಗನ ನೋಂದಣಿ ಸರಿಯಿದೆಯೆ, ಹೆಸರು ಮತ್ತು ಹುಟ್ಟಿದ ದಿನಾಂಕ ಎಲ್ಲ ದಾಖಲೆಗಳಲ್ಲಿ ಒಂದೇ ಇದೆಯೆ ಎಂದು ಈಗಲೇ ನೋಡಿ. ಅರ್ಹತೆ ಇಲ್ಲದ ಆಟಗಾರನನ್ನು ಇಳಿಸಿದ ತಂಡ ಗೆದ್ದ ಪಂದ್ಯವನ್ನೂ 0-3 ಕಳೆದುಕೊಳ್ಳಬಹುದು. ಮೂರೇ ಪಂದ್ಯಗಳ ಗುಂಪಿನಲ್ಲಿ ಅದರಿಂದ ಮೇಲೇಳುವುದು ಬಹಳ ಕಷ್ಟ.

ಪ್ರಶ್ನೆ: ದಕ್ಷಿಣದ ಗುಂಪು ಕಷ್ಟ, ಬೇರೆ ಕಡೆ ಹಾಕಿಸಿಕೊಂಡರೆ ಸುಲಭವಲ್ಲವೆ?

ಗುಂಪನ್ನು ತಂಡಗಳು ಆರಿಸಿಕೊಳ್ಳುವುದಿಲ್ಲ.