ಕುರಿ ಕಡಿದವನು ಯಾವ ಸೀಮೆ ವೀರ?

ಈ ಸಲ ಬಂದ ಪತ್ರಗಳಲ್ಲಿ ನಿವೃತ್ತ ಮೇಷ್ಟ್ರೊಬ್ಬರದು ಜಾಸ್ತಿ ಯೋಚನೆಗೆ ಹಚ್ಚಿತು. ಅವರು ಬರೆದದ್ದು ಇಷ್ಟು: “ಮೊಮ್ಮಗ ಏಜಾಕ್ಸ್ ಎಂಬ ಫುಟ್‌ಬಾಲ್ ತಂಡದ ಟೀ ಶರ್ಟ್ ಹಾಕಿಕೊಂಡು ಬಂದು, ‘ಈ ಮುಖ ಯಾರದು ತಾತ?’ ಅಂದ. ಗ್ರೀಕ್ ವೀರ ಅಂದೆ. ಆಮೇಲೆ ಹುಡುಕಿದರೆ, ಒಂದು ಕಡೆ ಅವನು ಹುಚ್ಚು ಹಿಡಿದು ಕುರಿ, ದನ ಕಡಿದು ಸತ್ತ ಅಂತಿದೆ. ಇನ್ನೊಂದು ಕಡೆ ಗುಡಿಯಲ್ಲಿದ್ದ ಹೆಣ್ಣುಮಗಳನ್ನು ಎಳೆದು ತಂದ ಅಂತಿದೆ. ಇವನು ಯಾವ ಸೀಮೆ ವೀರ? ಬಿ.ಎಂ.ಶ್ರೀಯವರು ಇವನ ಕಥೆಯನ್ನು ಅಶ್ವತ್ಥಾಮನಿಗೆ ಯಾಕೆ ತೊಡಿಸಿದರು? ಚಿರಂಜೀವಿಯನ್ನು ಸಾಯಿಸಿದ್ದು ಸರಿಯೇ?”

ಮೇಷ್ಟ್ರೇ, ನಮಸ್ಕಾರ.

ಮೊದಲು ಆ ಹೆಣ್ಣುಮಗಳ ವಿಷಯ ಮುಗಿಸಿಬಿಡೋಣ. ಟ್ರಾಯ್ ಯುದ್ಧದಲ್ಲಿ ಗ್ರೀಕರ ಕಡೆ ಏಜಾಕ್ಸ್‌ಗಳು ಇಬ್ಬರು. ಅಥೀನಾ ದೇವಿಯ ಗುಡಿಯಿಂದ ಕಸಾಂಡ್ರಾಳನ್ನು ಎಳೆದವನು ಲೋಕ್ರಿಸ್ ಸೀಮೆಯವನು. ಊರಿಗೆ ಮರಳುವಾಗ ಅವನ ಹಡಗು ಒಡೆಯಿತು. ಬಂಡೆ ಹಿಡಿದು ಉಳಿದುಕೊಂಡವನು ಸುಮ್ನಿರಲಿಲ್ಲ, ದೇವರುಗಳು ಬೇಡ ಅಂದರೂ ಬದುಕಿದೆ ಎಂದು ಜಂಬ ಕೊಚ್ಚಿದ. ಸಮುದ್ರದೇವ ಪೊಸೈಡನ್ ಬಂಡೆಯನ್ನೇ ಸೀಳಿ ಮುಳುಗಿಸಿದ. ನಿಮ್ಮ ಮೊಮ್ಮಗನ ಎದೆಯ ಮೇಲಿರುವವನು ಇನ್ನೊಬ್ಬ, ಸಲಾಮಿಸ್ ದ್ವೀಪದ ಟೆಲಮೋನನ ಮಗ. ಗ್ರೀಕರ ಬಾಯಲ್ಲಿ ಇವನು ಐಯಾಸ್.

ಗ್ರೀಕ್ ದಂಡಿನ ದೊರೆ ಅಗಮೆಮ್ನಾನ್ 100 ಹಡಗು ತಂದಿದ್ದ, ಅವರ ಮಹಾವೀರ ಅಕಿಲೀಸ್ 50. ಏಜಾಕ್ಸ್ ತಂದದ್ದು ಬರೀ 12. ಆದರೆ ಆಳು ಮಾತ್ರ ಉಳಿದವರಿಗಿಂತ ತಲೆ, ಭುಜದಷ್ಟು ಎತ್ತರ. ಅವನ ಗುರಾಣಿ ಏಳು ಪದರ ಎತ್ತಿನ ಚರ್ಮದ್ದು, ಎಂಟನೆಯ ಪದರ ಕಂಚು. ಟ್ರಾಯ್ ಯುದ್ಧದ ಕಾವ್ಯ ಇಲಿಯಡ್‌ನ ಕವಿ ಹೋಮರ್ ಅದನ್ನು ಗೋಪುರಕ್ಕೆ ಹೋಲಿಸುತ್ತಾನೆ. ಮಲತಮ್ಮ ಟ್ಯೂಸರ್ ಬಿಲ್ಲುಗಾರ. ಆ ಗುರಾಣಿಯ ಮರೆಯಿಂದ ಇಣುಕಿ ಬಾಣ ಬಿಟ್ಟು, ಮಗು ಅಮ್ಮನ ಹತ್ತಿರ ಓಡುವ ಹಾಗೆ ಮತ್ತೆ ಅಣ್ಣನ ಹಿಂದೆ ಸೇರಿಕೊಳ್ಳುತ್ತಿದ್ದ.

ಇನ್ನೊಂದು ಹೋಲಿಕೆ ನನಗೆ ಇನ್ನೂ ಇಷ್ಟ. ಟ್ರಾಯ್‌ನವರು ಮುತ್ತಿಕೊಂಡಾಗ ಏಜಾಕ್ಸ್ ಹಿಂದೆ ಸರಿಯಬೇಕಾಗುತ್ತದೆ. ಹೇಗೆ ಸರಿಯುತ್ತಾನೆ? ಹೊಲಕ್ಕೆ ನುಗ್ಗಿದ ಕತ್ತೆಯ ಹಾಗೆ! ಹುಡುಗರು ಬೆನ್ನ ಮೇಲೆ ಕೋಲು ಮುರಿದುಹೋಗುವಂತೆ ಬಡಿದರೂ, ಹೊಟ್ಟೆ ತುಂಬ ಮೇದ ಮೇಲೇ ಅದು ಕದಲುವುದು. ವೀರನನ್ನು ಕತ್ತೆಗೆ ಹೋಲಿಸುವ ಧೈರ್ಯ ಎಷ್ಟು ಕವಿಗಳಿಗಿದೆ ಹೇಳಿ.

ಅವನ ಕೆಲಸವೇ ಅದು: ನಿಲ್ಲುವುದು, ತಡೆಯುವುದು. ಅಕಿಲೀಸ್ ಮುನಿಸಿಕೊಂಡು ಗುಡಾರದಲ್ಲಿ ಕೂತಾಗ, ಟ್ರಾಯ್‌ನ ವೀರ ಹೆಕ್ಟರ್ ಹಡಗುಗಳಿಗೆ ಬೆಂಕಿ ಇಡಲು ಬಂದ. ಆಗ 22 ಮೊಳದ ಈಟಿ ಹಿಡಿದು ಹಡಗಿನಿಂದ ಹಡಗಿಗೆ ಹಾರಿ ಕಾದವನು ಏಜಾಕ್ಸ್. ಇಲಿಯಡ್‌ನ ದೊಡ್ಡ ವೀರರಿಗೆಲ್ಲ ಯಾರಾದರೊಬ್ಬ ದೇವರು ಪಕ್ಕದಲ್ಲಿ ನಿಂತು ಸಹಾಯ ಮಾಡುತ್ತಾರೆ. ಇವನಿಗೆ ಹಾಗೆ ಹೇಳಿಕೊಳ್ಳುವಂಥ ಸಹಾಯ ಸಿಗುವುದಿಲ್ಲ. ಅಕಿಲೀಸನ ಗೆಳೆಯ ಪೆಟ್ರೋಕ್ಲಸ್‌ನ ಹೆಣ ಕಾಯುವಾಗ ಕತ್ತಲೆ ಮಂಜು ಕವಿಯಿತು. ಇವನು ದೇವರಾಜ ಜ್ಯೂಸ್‌ನನ್ನು ಬೇಡಿದ್ದು ಜೀವವನ್ನಲ್ಲ, ಬೆಳಕನ್ನು. ಕೊಲ್ಲುವುದಾದರೆ ಬೆಳಕಿನಲ್ಲಿ ಕೊಲ್ಲು ಅಂದ.

ಮಾತು ಕಮ್ಮಿ. ಅಕಿಲೀಸನನ್ನು ಒಲಿಸಲು ಮೂವರು ಹೋಗಿದ್ದರು. ಮಾತಿನ ಮಲ್ಲ ಒಡಿಸ್ಯೂಸ್ ಉದ್ದಕ್ಕೂ ಹೇಳಿದ ಮೇಲೆ ಅಕಿಲೀಸ್ ಅಂದದ್ದು, ನಾಳೆಯೇ ಊರಿಗೆ ಹೊರಡುತ್ತೇನೆ ಅಂತ. ಸಾಕಿದ ಮುದುಕ ಫೀನಿಕ್ಸ್ ಕೇಳಿಕೊಂಡ ಮೇಲೆ, ಹೋಗುವುದೋ ಇರುವುದೋ ಬೆಳಿಗ್ಗೆ ನೋಡೋಣ ಅಂದ. ಕೊನೆಗೆ ಏಜಾಕ್ಸ್ ನಾಲ್ಕು ಮಾತು ಆಡಿದ. ಆಗ ಅಕಿಲೀಸ್ ಹೊರಡುವ ಮಾತನ್ನೇ ಬಿಟ್ಟು, ಹೆಕ್ಟರ್ ನನ್ನ ಹಡಗಿನವರೆಗೆ ಬರಲಿ, ಆಗ ನೋಡಿಕೊಳ್ಳುತ್ತೇನೆ ಅಂದ. ಕೆಲಸ ಆದದ್ದು ಯಾರಿಂದ ಅಂತ ನೀವೇ ಹೇಳಿ.

ಈಗ ಕುರಿಯ ವಿಷಯ. ಅಕಿಲೀಸ್ ಸತ್ತಾಗ ಅವನ ಹೆಣವನ್ನು ಹೊತ್ತು ತಂದವನು ಏಜಾಕ್ಸ್, ಹಿಂದೆ ಶತ್ರುಗಳನ್ನು ತಡೆದವನು ಒಡಿಸ್ಯೂಸ್. ಅಕಿಲೀಸನ ಆಯುಧಗಳು ಯಾರಿಗೆ ಎಂಬ ಪಂಚಾಯಿತಿ ಎದ್ದಿತು. ತೀರ್ಪು ಕೊಟ್ಟವರು ಯಾರು ಎಂಬುದು ಒಂದೊಂದು ಕಥೆಯಲ್ಲಿ ಒಂದೊಂದು ಥರ. ಸೆರೆಸಿಕ್ಕ ಟ್ರಾಯ್‌ನವರನ್ನು ಕೇಳಿದರು ಅಂತ ಒಂದು. ಗ್ರೀಕರೇ ಗುಟ್ಟಾಗಿ ಮತ ಹಾಕಿದರು ಅಂತ ಇನ್ನೊಂದು. ಗೆದ್ದವನು ಮಾತ್ರ ಎಲ್ಲದರಲ್ಲೂ ಒಡಿಸ್ಯೂಸ್.

ಅವತ್ತು ರಾತ್ರಿ ಏಜಾಕ್ಸ್ ಕತ್ತಿ ಹಿಡಿದು ಹೊರಟ. ದಂಡಿನ ನಾಯಕರನ್ನು ಕೊಂದುಹಾಕುವುದು ಅವನ ಲೆಕ್ಕ. ಅಥೀನಾ ಅವನ ಕಣ್ಣಿಗೆ ಮಂಕು ಕವಿಸಿ ದನ, ಕುರಿಗಳ ಮಂದೆಯ ಕಡೆ ತಿರುಗಿಸಿದಳು. ಅವನು ಅವುಗಳನ್ನೇ ಅಗಮೆಮ್ನಾನ್, ಅವನ ತಮ್ಮ ಮೆನೆಲಾವಸ್ ಅಂದುಕೊಂಡು ಕಡಿದ. ಒಂದು ಟಗರನ್ನು ಒಡಿಸ್ಯೂಸ್ ಎಂದು ಕಂಬಕ್ಕೆ ಕಟ್ಟಿ ಚಾಟಿಯಿಂದ ಬಾರಿಸಿದ. ಮಂಕು ಇಳಿದಾಗ ಸುತ್ತ ರಕ್ತ, ಸತ್ತ ಪ್ರಾಣಿಗಳು. ನಗುವುದಕ್ಕೆ ಇಡೀ ದಂಡೇ ಕಾದಿದೆ.

ಗ್ರೀಕ್ ನಾಟಕಕಾರ ಸೊಫೊಕ್ಲೀಸ್‌ನ ನಾಟಕ ಹೆಣೆದಿರುವುದು ಈ ಘಟನೆಯ ಸುತ್ತ. ಎದ್ದವನು ‘ಐಐ’ ಎಂದು ಗೋಳಾಡುತ್ತಾನೆ. ನನ್ನ ಹೆಸರಿನಲ್ಲೇ ಈ ಗೋಳು ಇದೆ ಅಂತ ಯಾರಿಗೆ ಗೊತ್ತಿತ್ತು ಅನ್ನುತ್ತಾನೆ. ಬೇರೆ ಭಾಷೆಯವರಿಗೆ ಈ ಶ್ಲೇಷೆಯನ್ನು ವಿವರಿಸಬೇಕು. ನಮಗೆ ಬೇಡ, ಐಯಾಸ್ ಅಂದರೆ ಅಯ್ಯೋ ಕೇಳಿಸುತ್ತದೆ, ಅಲ್ವಾ? ಹೆಂಡತಿಯಂತಿದ್ದ ಟೆಕ್ಮೆಸಾ ಅಂಗಲಾಚಿದಳು. ಪುಟ್ಟ ಮಗ ಯೂರಿಸೇಸಿಸ್‌ನ ಕೈಗೆ ಗುರಾಣಿ ಕೊಟ್ಟು ಸಮುದ್ರತೀರಕ್ಕೆ ಹೋದ. ಕತ್ತಿಯನ್ನು ನೆಲಕ್ಕೆ ನೆಟ್ಟು ಅದರ ಮೇಲೆ ಬಿದ್ದ. ಆ ಕತ್ತಿ ಯಾರದು? ಹಿಂದೆ ಹೆಕ್ಟರನ ಜೊತೆ ಒಂಟಿ ಕಾಳಗ ನಡೆದು, ಕತ್ತಲಾಗಿ ನಿಂತಾಗ, ಇಬ್ಬರೂ ಉಡುಗೊರೆ ಬದಲಾಯಿಸಿಕೊಂಡಿದ್ದರು. ಏಜಾಕ್ಸ್ ಸೊಂಟಪಟ್ಟಿ ಕೊಟ್ಟ, ಹೆಕ್ಟರ್ ಕತ್ತಿ ಕೊಟ್ಟ. ಇದು ಆ ಕತ್ತಿಯೇ.

ಅಥೆನ್ಸಿನ ಕಲಾವಿದ ಎಕ್ಸೀಕಿಯಸ್ ಕ್ರಿ.ಪೂ. 540ರ ಸುಮಾರಿಗೆ ಒಂದು ಹೂಜಿಯ ಮೇಲೆ ಈ ಗಳಿಗೆಯನ್ನು ಬರೆದಿದ್ದಾನೆ. ಅದೀಗ ಫ್ರಾನ್ಸಿನ ಬುಲೋನ್ ಪಟ್ಟಣದ ಮ್ಯೂಸಿಯಂನಲ್ಲಿದೆ. ಬೇರೆಯವರು ಕತ್ತಿ ಚುಚ್ಚಿಕೊಂಡ ದೇಹ ಬರೆದರು. ಇವನ ಏಜಾಕ್ಸ್ ಕುಕ್ಕರಗಾಲಲ್ಲಿ ಕೂತು, ಕತ್ತಿ ಅಲ್ಲಾಡದ ಹಾಗೆ ಬುಡಕ್ಕೆ ಮಣ್ಣು ಒತ್ತುತ್ತಿದ್ದಾನೆ, ಸಸಿ ನೆಡುವವನ ಹಾಗೆ. ಪಕ್ಕದಲ್ಲಿ ಗುರಾಣಿ ಸುಮ್ನೆ ಒರಗಿದೆ.

ಇನ್ನು ಶ್ರೀಯವರ ವಿಷಯ. ಸೊಫೊಕ್ಲೀಸ್‌ನ ಈ ನಾಟಕವನ್ನೇ ಅಶ್ವತ್ಥಾಮನಿಗೆ ತೊಡಿಸಿದ ‘ಅಶ್ವತ್ಥಾಮನ್’ ಬಂದದ್ದು 1929ರಲ್ಲಿ. ಚಿರಂಜೀವಿ ಹೇಗೆ ಸಾಯುತ್ತಾನೆ ಎಂಬ ತಕರಾರು ನಿಮ್ಮೊಬ್ಬರದೇ ಅಲ್ಲ. ಆದರೆ ಹೋಲಿಕೆ ನೋಡಿ. ಅಶ್ವತ್ಥಾಮನೂ ಅವಮಾನದ ಕಿಚ್ಚಿನಲ್ಲಿ ರಾತ್ರಿ ಪಾಳೆಯಕ್ಕೆ ನುಗ್ಗಿದವನು. ಏಜಾಕ್ಸ್ ಮಾಡಲು ಹೊರಟಿದ್ದ ಕೆಲಸವನ್ನು ಇವನು ನಿಜವಾಗಿ ಮಾಡಿದ, ಮಲಗಿದ್ದವರನ್ನು ಕೊಂದ. ಇನ್ನು, ಮಹಾಭಾರತದಲ್ಲಿ ಅವನು ಸಾಯದೆ ಅಲೆಯುವುದು ವರವಲ್ಲ, ಕೃಷ್ಣನ ಶಾಪ. ಸಾವೇ ಅವನಿಗೆ ಬಿಡುಗಡೆ. ಶ್ರೀಯವರು ಅದನ್ನು ಕೊಟ್ಟರು. ಪುರಾಣದ ಲೆಕ್ಕಕ್ಕೆ ತಪ್ಪು, ನಾಟಕದ ಲೆಕ್ಕಕ್ಕೆ ಸರಿ ಅಂತ ನನ್ನ ಅಭಿಪ್ರಾಯ. ನೀವು ಒಪ್ಪಲೇಬೇಕು ಅಂತೇನಿಲ್ಲ.

ವೀರ ಹೇಗಾದ ಅಂದಿರಿ. ಗ್ರೀಕರಲ್ಲಿ ‘ಹೇರೋಸ್’ ಅಂದರೆ ಒಳ್ಳೆಯವನು ಅಂತಲ್ಲ. ಸತ್ತ ಮೇಲೂ ಜನ ನಡೆದುಕೊಳ್ಳುವ ಶಕ್ತಿವಂತ. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರ ನೌಕಾಪಡೆ ಸಲಾಮಿಸ್‌ಗೆ ಬಂದಾಗ, ಗ್ರೀಕರು ಏಜಾಕ್ಸ್‌ನನ್ನು, ಅವನ ಅಪ್ಪನನ್ನು ಸಹಾಯಕ್ಕೆ ಕರೆದರು. ಗೆದ್ದ ಮೇಲೆ ಸೆರೆಹಿಡಿದ ಒಂದು ಫಿನೀಷಿಯನ್ ಹಡಗನ್ನು ಅವನಿಗೆ ಹರಕೆಯಾಗಿ ಅಲ್ಲೇ ಒಪ್ಪಿಸಿದರು. ಅಥೆನ್ಸಿನ ಹತ್ತು ಕುಲಗಳಲ್ಲಿ ಒಂದಕ್ಕೆ ಅವನದೇ ಹೆಸರಿತ್ತು.

ಒಡಿಸ್ಯೂಸ್‌ಗೂ ನ್ಯಾಯ ಸಲ್ಲಿಸಬೇಕು. ಏಜಾಕ್ಸ್‌ನನ್ನು ಹೂಳಬಾರದು ಎಂದು ಅಗಮೆಮ್ನಾನ್ ಹಟ ಹಿಡಿದಾಗ, ನಾಟಕದಲ್ಲಿ ಅಡ್ಡ ಬಂದು ಮಣ್ಣು ಸಿಗುವಂತೆ ಮಾಡಿದವನು ಅವನೇ. ಮುಂದೆ ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಅವನು ಸತ್ತವರ ಲೋಕಕ್ಕೆ ಹೋಗುತ್ತಾನೆ. ಸುಮಾರು ಜನ ಬಂದು ಮಾತಾಡಿಸುತ್ತಾರೆ. ಏಜಾಕ್ಸ್ ದೂರ ನಿಂತಿರುತ್ತಾನೆ. ಆ ಪಂದ್ಯ ಗೆಲ್ಲಬಾರದಿತ್ತು, ಸಿಟ್ಟು ಬಿಟ್ಟು ಹತ್ತಿರ ಬಾ ಎಂದು ಒಡಿಸ್ಯೂಸ್ ಬೇಡುತ್ತಾನೆ. ಏಜಾಕ್ಸ್ ಒಂದು ಮಾತೂ ಆಡದೆ ಕತ್ತಲೆಗೆ ನಡೆದುಬಿಡುತ್ತಾನೆ.

ಆಮ್‌ಸ್ಟರ್‌ಡ್ಯಾಮ್‌ನ ಆ ತಂಡ 1900ರಲ್ಲಿ ಶುರುವಾಯಿತು. ಅವನ ಮುಖ ಲಾಂಛನಕ್ಕೆ ಬಂದದ್ದು 1928ರಲ್ಲಿ. 1990ರಲ್ಲಿ ಅದೇ ಮುಖವನ್ನು ಬರೀ 11 ಗೆರೆಗಳಲ್ಲಿ ಬರೆದರು, ಆಟಗಾರನಿಗೊಂದು ಗೆರೆ. ಮೊಮ್ಮಗನ ಶರ್ಟಿನ ಮೇಲಿರುವುದು ಹಳೆಯದೋ ಗೆರೆಯದೋ ಗೊತ್ತಿಲ್ಲ. ಗೆರೆಯದಾದರೆ ಎಣಿಸಿ ನೋಡು ಅನ್ನಿ.

ನಿಮ್ಮ
ಸಂಪಾದಕ