306 ಕಿ.ಮೀ. ಹಾರಲು ಒಂದು ಗಂಟೆ ಯಾಕೆ?

ಪ್ರಶ್ನೆ: ಅಮ್ಮನನ್ನು ಮೊದಲ ಸಲ ವಿಮಾನದಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ವಿಮಾನ ಗಂಟೆಗೆ 800 ಕಿ.ಮೀ. ಹಾರುತ್ತದೆ ಅಂತಾರೆ. ಹಾಗಿದ್ದರೆ ಅರ್ಧ ಗಂಟೆಯೊಳಗೆ ತಲುಪಬೇಕಲ್ಲ? ಟಿಕೆಟ್‌ನಲ್ಲಿ 1 ಗಂಟೆ 5 ನಿಮಿಷ ಎಂದಿದೆ. ಎಲ್ಲಾದರೂ ಸುತ್ತು ಹಾಕುತ್ತದೆಯೇ? ಮನೆ ಎಷ್ಟು ಹೊತ್ತಿಗೆ ಬಿಡಬೇಕು?
– ಓದುಗರು, ಪುತ್ತೂರು

ಉತ್ತರ: ನಿಮ್ಮ ಲೆಕ್ಕ ತಪ್ಪಿಲ್ಲ. ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯಿಂದ ಬೆಂಗಳೂರು ನಿಲ್ದಾಣವಿರುವ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 306 ಕಿ.ಮೀ. ಶಿರಾಡಿ ಘಾಟಿಯ ರಸ್ತೆಯಲ್ಲಾದರೆ 350ರ ಆಸುಪಾಸು. 800ರ ವೇಗದಲ್ಲಿ 306ಕ್ಕೆ 23 ನಿಮಿಷ ಸಾಕು. ಆದರೆ ಈ ದಾರಿಯಲ್ಲಿ ವಿಮಾನಕ್ಕೆ ಆ ವೇಗ ಸಿಗುವುದೇ ಅಪರೂಪ.

ಮಂಗಳೂರಿನಿಂದ ಎದ್ದ ಜೆಟ್ 24 ಸಾವಿರ ಅಡಿ ಏರುವಷ್ಟರಲ್ಲಿ ನೂರು ಕಿ.ಮೀ.ಗೂ ಹೆಚ್ಚು ದೂರ ಕಳೆದಿರುತ್ತದೆ. ಇಳಿಯಲು ಪೈಲಟ್‌ಗಳದ್ದೊಂದು ಬಾಯಿಲೆಕ್ಕವಿದೆ: ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿ.ಮೀ. ಬೆಂಗಳೂರು ನಿಲ್ದಾಣವೇ ಸಮುದ್ರಮಟ್ಟದಿಂದ 3,000 ಅಡಿ ಎತ್ತರದಲ್ಲಿರುವುದರಿಂದ ಇಳಿಯಬೇಕಾದ್ದು 21 ಸಾವಿರ ಅಡಿ, ಅಂದರೆ ಹತ್ತಿರ ಹತ್ತಿರ 120 ಕಿ.ಮೀ. ಉಳಿದದ್ದೆಷ್ಟು? ಎಪ್ಪತ್ತೋ ಎಂಬತ್ತೋ. ಪೂರ್ತಿ ವೇಗದ ಹಾರಾಟ ಐದಾರು ನಿಮಿಷ, ಅಷ್ಟೇ. ಜೊತೆಗೆ 10 ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿ. ಗಂಟೆಗೆ 510 ಕಿ.ಮೀ.ಯ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನ ಹತ್ತಿದರೂ ಜೆಟ್‌ಗಿಂತ ವಿಪರೀತ ತಡವಾಗದಿರುವ ಗುಟ್ಟು ಇದೇ.

ಸುತ್ತು ಹಾಕುವುದೂ ನಿಜ. ಬೆಂಗಳೂರಿನ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಮಳೆಗಾಲದ ಪಶ್ಚಿಮ ಗಾಳಿಯಲ್ಲಿ ನಿಮ್ಮ ವಿಮಾನ ನಿಲ್ದಾಣವನ್ನು ಪಕ್ಕದಲ್ಲೇ ದಾಟಿ ಪೂರ್ವಕ್ಕೆ ಹೋಗಿ, ತಿರುಗಿ ಬಂದು ಇಳಿಯುತ್ತದೆ. ಊರು ಕಾಣಿಸಿದ ಮೇಲೂ ಇಳಿಯಲಿಲ್ಲವೆಂದು ಅಮ್ಮ ಗಾಬರಿಯಾದರೆ ಇದನ್ನು ಹೇಳಿ.

ಟಿಕೆಟ್‌ನ ಸಮಯವೂ ಬರೀ ಹಾರಾಟದ್ದಲ್ಲ. ಮಂಗಳೂರಿನಲ್ಲಿ ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಬೆಂಗಳೂರಿನಲ್ಲಿ ನಿಲ್ಲುವವರೆಗಿನ ಲೆಕ್ಕ ಅದು. ನೆಲದ ಮೇಲೆ ಉರುಳುವುದು, ಸರದಿ ಕಾಯುವುದು, ತಡವಾದರೆ ಇರಲಿ ಎಂದು ಸೇರಿಸಿದ ನಿಮಿಷಗಳು ಎಲ್ಲವೂ ಅದರಲ್ಲಿವೆ. ಹತ್ತು ನಿಮಿಷ ಮೊದಲೇ ಇಳಿದರೆ ಪೈಲಟ್ ಓಡಿಸಿದ ಅಂತಲ್ಲ.

ಇನ್ನು ಹೊರಡುವ ಹೊತ್ತು. ಪುತ್ತೂರಿನಿಂದ ಬಜಪೆಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ, ಬಿ.ಸಿ. ರೋಡಿನ ಟ್ರಾಫಿಕ್ ನಂಬುವಂತಿಲ್ಲ. ಚೆಕ್‌-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಹಾಗಾಗಿ ಎರಡು ಗಂಟೆ ಮುಂಚೆ ಅಲ್ಲಿರಿ. ಅಂದರೆ ಮನೆ ಬಿಡುವುದು ಮೂರೂವರೆ ಗಂಟೆ ಮೊದಲು. ಆ ಕಡೆ ಇಳಿದ ಮೇಲೆ ಮೆಜೆಸ್ಟಿಕ್ ಇನ್ನೂ 35 ಕಿ.ಮೀ. ಒಟ್ಟು ಆರು ಗಂಟೆ ದಾಟುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಪುತ್ತೂರಿನವರು ವಿಮಾನ ಹತ್ತಲು ಬೆಂಗಳೂರಿಗೆ ಬೆನ್ನು ಹಾಕಿ 50 ಕಿ.ಮೀ. ಹೋಗಬೇಕು. ಸಮಯ ಉಳಿಸಲಿಕ್ಕೇ ಆದರೆ ಉಪ್ಪಿನಂಗಡಿ ಮೇಲಿನ ರಾತ್ರಿ ಬಸ್ಸೇ ವಾಸಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದಾಗ ಮಾತ್ರ ಈ ಮಾತು ಹಿಂದಕ್ಕೆ ಪಡೆಯುತ್ತೇನೆ. ಅಮ್ಮನಿಗೆ ಮೋಡ ತೋರಿಸುವುದಿದ್ದರೆ ಕಿಟಕಿ ಸೀಟು ಕೇಳಿ ಪಡೆಯಿರಿ.